ಟ್ರೇಸಿಂಗ್ ಬಟ್ಟೆಯ ಕರವಸ್ತ್ರ

ಮುರಿದ ಶಾಫ್ಟಿನ ಎರಡು ತುಂಡು ಸಾಹೇಬರ ಮೇಜಿನ ಮೇಲಿದ್ದವು. ಅವರು ಟರ್ನರ್ ಅಣವೀರಪ್ಪನನ್ನು ಬೈಯುತ್ತಿದ್ದರೆ, ಅವನು ಬಾಗಿಲಲ್ಲಿ ಫೈಲ್ ಹಿಡಿದು ನಿಂತಿದ್ದ ನನ್ನನ್ನು ನೋಡಿದ. ಒಂದೇ ಕ್ಷಣ. ಆಮೇಲೆ ಕಣ್ಣು ತಗ್ಗಿಸಿದ. ತಪ್ಪಿಲ್ಲದವನು ಕಣ್ಣು ಯಾಕೆ ತಗ್ಗಿಸಬೇಕು? ನನಗೆ ಅನುಮಾನ ಬಂತು.

ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಹಾಲಿನವನು ಅಳೆಯುವಾಗಲೂ ಪಕ್ಕದಲ್ಲಿ ನಿಂತು ನೋಡುವವಳು ನಾನು. ಭಾಂಡುಪ್‌ನ ಕಾರ್ಖಾನೆಯಲ್ಲಿ ಟ್ರೇಸರ್ ಕೆಲಸ. ಸಾಹೇಬರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಗಂಜಿ ಹಾಕಿದ ತೆಳು ಬಟ್ಟೆ ಹಾಸಿ, ಇಂಕಿನಲ್ಲಿ ಗೆರೆ ಎಳೆಯಬೇಕು. ಅದರಿಂದ ತೆಗೆದ ಪ್ರಿಂಟ್ ನೋಡಿ ಅಣವೀರಪ್ಪ ಲೇತ್ ಮೇಲೆ ಶಾಫ್ಟ್ ಕಡೆಯುತ್ತಿದ್ದ. ನಾಲ್ಕು ವರ್ಷದಲ್ಲಿ ನನ್ನದು ಒಂದು ಗೆರೆಯೂ ತಪ್ಪಿರಲಿಲ್ಲ. ಸಾಹೇಬರು ನೋಡದೆಯೇ ಸಹಿ ಹಾಕುತ್ತಿದ್ದರು.

ಮುರಿದದ್ದು ಬಣ್ಣ ಕಲಸುವ ಮಿಕ್ಸರಿನ ಶಾಫ್ಟ್, ಉಕ್ಕಿನ ದಂಡ. ದಪ್ಪ ಭಾಗ ಮುಗಿದು ಸಣ್ಣ ಭಾಗ ಶುರುವಾಗುವ ಮೂಲೆಯನ್ನು ಮೂರು ಮಿಲಿಮೀಟರ್ ದುಂಡಗೆ ಬಿಡಬೇಕಿತ್ತು. ಅದು ಚೂಪಾಗಿ ಉಳಿದಿತ್ತು. ಒಂದು ತುದಿಯನ್ನು ಮೋಟಾರು ತಿರುಗಿಸುತ್ತದೆ, ಇನ್ನೊಂದನ್ನು ಗಟ್ಟಿ ಬಣ್ಣ ತಡೆಯುತ್ತದೆ. ಆ ತಿರುಚುವ ಬಲವೆಲ್ಲ ಚೂಪು ಮೂಲೆಗೆ ಬಂದು ಶಾಫ್ಟ್ ಅಲ್ಲೇ ಬಿರುಕು ಬಿಟ್ಟಿತ್ತು. ಪೆನ್ಸಿಲ್ ನಕ್ಷೆಯಲ್ಲಿ ದುಂಡು ಸ್ಪಷ್ಟವಾಗಿತ್ತು, ಹಾಗಾಗಿ ತಪ್ಪು ಟರ್ನರನದು ಎಂದಾಯಿತು. ಅವನ ಪ್ರಿಂಟ್ ಕೇಳಿದರೆ ಕಳೆದಿದೆ ಅಂದ. ಶನಿವಾರ ವಿಚಾರಣೆ. ನೌಕರಿ ಹೋಗುವುದು ಖಚಿತವೆಂದು ಎಲ್ಲರೂ ಮಾತಾಡಿಕೊಂಡರು.

ಇದೆಲ್ಲ ನನಗೆ ಯಾಕೆ ಬೇಕಿತ್ತೆಂದರೆ, ಆ ಮನುಷ್ಯ ನನಗೆ ಇಷ್ಟವಾಗಿದ್ದ.

ಮೇ ತಿಂಗಳಲ್ಲಿ ಒಂದು ಸಂಜೆ ಭಾಂಡುಪ್ ಸ್ಟೇಷನ್ನಿನಲ್ಲಿ ಅವನು ಯಂತ್ರ ಒರೆಸುವ ಹತ್ತಿಯಲ್ಲೇ ಮುಖ ಒರೆಸಿಕೊಂಡು ಕೆನ್ನೆಗೆಲ್ಲ ಮಸಿ ಮಾಡಿಕೊಂಡಿದ್ದ. ನೋಡಲಾರದೆ ನನ್ನ ಕರವಸ್ತ್ರ ಕೊಟ್ಟೆ. ರದ್ದಾದ ನಕ್ಷೆಗಳ ಬಟ್ಟೆಯನ್ನು ನಾವು ಟ್ರೇಸರ್ ಹುಡುಗಿಯರು ಮನೆಗೊಯ್ದು ಕುದಿಸಿ, ಗಂಜಿಯನ್ನೂ ಇಂಕನ್ನೂ ತೆಗೆದು ಕರವಸ್ತ್ರ ಹೊಲಿಯುತ್ತಿದ್ದೆವು. ಅಷ್ಟು ಮೆತ್ತಗಿನ ಬಟ್ಟೆ ದಾದರ್ ಮಾರ್ಕೆಟಿನಲ್ಲೂ ಸಿಗುತ್ತಿರಲಿಲ್ಲ. ಅವನು ಅದರಲ್ಲಿ ಮುಖ ಒರೆಸಲೇ ಇಲ್ಲ, ಮಡಚಿ ಜೇಬಿಗೆ ಇಟ್ಟುಕೊಂಡ. ಅಂದಿನಿಂದ ದಿನಾ ಲೋಕಲ್ ರೈಲು ಬರುವವರೆಗೆ ಮಾತು. ಮಾತಿನ ನಡುವೆ ನನ್ನ ಬೆರಳಿನ ಇಂಕಿನ ಕಲೆಯನ್ನು ನೋಡುತ್ತಿದ್ದ. ನಾನು ಕೈ ಸೆರಗಿನಲ್ಲಿ ಮುಚ್ಚಿಕೊಂಡರೆ ನಗುತ್ತಿದ್ದ.

ಈಗ ಆ ನಗುವಿಗೂ ಬೇರೆ ಅರ್ಥ ಕಾಣತೊಡಗಿತು. ಡ್ರಾಯಿಂಗ್ ಆಫೀಸಿನ ಸುದ್ದಿಗಾಗಿಯೇ ನನ್ನ ಹಿಂದೆ ಬಿದ್ದನೇ? ಶುಕ್ರವಾರ ಸಂಜೆ ಪ್ಲಾಟ್‌ಫಾರ್ಮಿನಲ್ಲಿ ನೇರವಾಗಿ ಕೇಳಿಯೇಬಿಟ್ಟೆ.

"ಪ್ರಿಂಟ್ ಎಲ್ಲೈತಿ?"

"ಕಳದೈತ್ರಿ."

"ಝೂಟ್ ಹೇಳಬ್ಯಾಡ್ರಿ. ನಿಮ್ಮ ಒಂದು ಸ್ಪ್ಯಾನರ್ ಕಳಿಯಂಗಿಲ್ಲ, ಪ್ರಿಂಟ್ ಹ್ಯಾಂಗ ಕಳೀತು?"

"ಅದೊಂದು ಕೇಳಬ್ಯಾಡ್ರಿ, ವಿನೋದಿನಿ."

ಅಷ್ಟು ಸಾಕಾಯಿತು ನನಗೆ. ಕರವಸ್ತ್ರ ವಾಪಸ್ ಕೊಡಿ ಅಂದೆ. ಅವನು ಜೇಬಿಗೆ ಕೈ ಹಾಕಿ ನಿಧಾನವಾಗಿ ತೆಗೆದ. ಒಗೆದು ಇಸ್ತ್ರಿ ಮಾಡಿತ್ತು.

ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕೂತು ಅದನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಏನಾದರೂ ಕಲೆ ಮಾಡಿದ್ದಾನೇನೋ ನೋಡುವ ಬುದ್ಧಿ. ಕಲೆ ಇರಲಿಲ್ಲ, ಗೆರೆಗಳಿದ್ದವು. ಇಂಕು ಪೂರ್ತಿ ಹೋಗಿರಲಿಲ್ಲ. ಅರವತ್ತು, ಐವತ್ತು ಎಂಬ ನನ್ನ ಕೈಬರಹದ ಅಂಕಿಗಳು. ದಪ್ಪ ಭಾಗ, ಸಣ್ಣ ಭಾಗ, ನಡುವೆ ಒಂದು ಮೂಲೆ. ಮಿಕ್ಸರಿನ ಶಾಫ್ಟೇ ಅದು. ಈಗ ಮುರಿದ ಆ ಶಾಫ್ಟನ್ನು ಕಳಿಸಿಕೊಟ್ಟ ಮೇಲೆ ಗಿರಾಕಿ ಮುಂದಿನವುಗಳ ಉದ್ದ ಬದಲಿಸಿದ್ದ, ಹಳೆಯ ಟ್ರೇಸಿಂಗ್ ರದ್ದಾಗಿತ್ತು. ಅದನ್ನೇ ನಾನು ಕುದಿಸಿ ಹೊಲಿದಿದ್ದೆ.

ಮೂಲೆ ಚೂಪಾಗಿತ್ತು. ದುಂಡನ್ನು ಬರೆಯಲು ನಾನೇ ಮರೆತಿದ್ದೆ.

ಶಾಫ್ಟ್ ಮುರಿದ ದಿನವೇ ಅವನಿಗೆ ಇದು ಗೊತ್ತಾಗಿತ್ತು. ಅವನ ಪ್ರಿಂಟಿನ ಕೆಳಗೆ ನನ್ನ ಇನಿಷಿಯಲ್ ಇತ್ತು. ಅದಕ್ಕೇ ಕಣ್ಣು ತಗ್ಗಿಸಿದ್ದ, ಅದಕ್ಕೇ ಪ್ರಿಂಟ್ ಕಳೆದಿತ್ತು. ಊರಿನವರನ್ನೆಲ್ಲ ಅನುಮಾನಿಸಿದ ನಾನು ನನ್ನ ಕೈಯೊಂದನ್ನು ನಂಬಿಕೊಂಡು ಕೂತಿದ್ದೆ. ಘಾಟ್ಕೋಪರ್‌ನಿಂದ ಸಾಯನ್‌ವರೆಗೂ ಅತ್ತೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಶನಿವಾರ ವಿಚಾರಣೆಯಲ್ಲಿ ಕರವಸ್ತ್ರವನ್ನು ಕಿಟಕಿಯ ಗಾಜಿಗೆ ಹಿಡಿದು ತೋರಿಸಿದೆ. ಸಾಹೇಬರು ಹತ್ತಿರ ಬಂದು ನೋಡಿದರು, ಮಸುಕಾಗಿ ಅವರ ಸಹಿಯೂ ಅದರಲ್ಲಿತ್ತು. ನನಗೆ ಲಿಖಿತ ವಾರ್ನಿಂಗ್ ಸಿಕ್ಕಿತು. ಅಣವೀರಪ್ಪ ತನ್ನ ಲೇತಿಗೆ ಹಿಂತಿರುಗಿದ. ಕರವಸ್ತ್ರ ಫೈಲಿಗೆ ಸೇರಿತು.

ಸಂಜೆ ಸ್ಟೇಷನ್ನಿನಲ್ಲಿ ಅವನು ಸಿಟ್ಟಿನಲ್ಲಿದ್ದ.

"ಯಾಕ ಹೇಳಿದ್ರಿ? ನಿಮ್ಮ ನೌಕರಿ ಹೋಗಿದ್ರ ನಿಮ್ಮ ಮನಿ ಹ್ಯಾಂಗ ನಡೀತಿತ್ತು?"

ಪ್ರಿಂಟಿಗಾಗಿ ನಾನು ಕೈ ಚಾಚಿದೆ. ಅವನು ತಡೆದು ತಡೆದು ಜೇಬಿನಿಂದ ಪ್ರಿಂಟ್ ತೆಗೆದು ಕೊಟ್ಟ. ಇಷ್ಟು ದಿನ ಕರವಸ್ತ್ರ ಇದ್ದ ಜೇಬಿನಲ್ಲೇ ಅದೂ ಇತ್ತು.

"ಇನ್ನ ಏನೇನು ಮುಚ್ಚಿಟ್ಟೀರಿ?" ಎಂದೆ.

"ಒಂದೈತ್ರಿ. ಅದನ್ನ ರವಿವಾರ ನಿಮ್ಮ ಅಪ್ಪಾರ ಮುಂದ ಹೇಳತೇನಿ."

ಲೋಕಲ್ ಬಂತು. ನಾನು ಹತ್ತಲಿಲ್ಲ. ಆ ಮಾತು ಅಪ್ಪನ ಹತ್ತಿರ ಹೋಗುವ ಮುಂಚೆ ನಾನು ಒಮ್ಮೆ ಚೆಕ್ ಮಾಡಬೇಕು, ನೋಡದೆ ಸಹಿ ಹಾಕುವ ಕಾಲ ಮುಗಿಯಿತು ಅಂದೆ.

ಗಾಡಿ ಹೊರಡುವ ಸದ್ದಿನಲ್ಲಿ ಅವನು ಹೇಳಿದ. ನನಗೆ ಸರಿಯಾಗಿಯೇ ಕೇಳಿತು, ಆದರೂ ಇನ್ನೊಮ್ಮೆ ಹೇಳಿಸಿದೆ.