ರೂತಮ್ಮನಿಗೆ ಬರೆದ ಅರವತ್ತಮೂರು ಪತ್ರಗಳು

೧೯೭೪ನೇ ಇಸವಿ ಫೆಬ್ರುವರಿ ನಾಲ್ಕು, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಪಾದ್ರಿ ಜಯವಂತರು ವಿಜಾಪುರದ ಠಾಣೆಗೆ ಬಂದು ಹವಾಲ್ದಾರ ಪರಸಪ್ಪನ ಎದುರಿನ ಬೆಂಚಿನ ಮೇಲೆ ಕುಳಿತರು.

"ಏನ ಕಳವಾಗೈತ್ರಿ?"

"ಪತ್ರ."

"ಎಂಥಾವು? ಹೊಲದ್ವೋ, ಮನೀವೋ?"

"ತೀರಿಹೋದ ನಮ್ಮ ಬಿಷಪ್ ಸಾಹೇಬ್ರು ಹೆಂಡತಿಗೆ ಬರದ ಪತ್ರಾರಿ. ಅರವತ್ತಮೂರು."

ಪರಸಪ್ಪ ಪೆನ್ನು ಕೆಳಗಿಟ್ಟ. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಎತ್ತು, ಕೋಳಿ, ತಾಮ್ರದ ಹಂಡೆ, ಒಮ್ಮೆ ಚೌಕಟ್ಟಿನ ಸಮೇತ ಒಂದು ಬಾಗಿಲು ಕಳವಾದ ದೂರನ್ನೂ ಬರೆದುಕೊಂಡಿದ್ದ. ಸತ್ತವನೊಬ್ಬ ಸತ್ತ ಹೆಂಡತಿಗೆ ಬರೆದ ಪತ್ರ ಯಾರಿಗೆ ಬೇಕು?

ಒಳಗಿನ ಕೋಣೆಯಿಂದ ಫೌಜದಾರ ಅಬ್ದುಲಸಮದರ ದನಿ ಬಂತು. "ಬರಕೋ ಪರಸಪ್ಪ. ಕಳವು ಅಂದ್ರ ಕಳವು."

ಭಾರತ ದಂಡ ಸಂಹಿತೆಯ ೩೮೦ನೇ ಕಲಮಿನಡಿ ಎಫ್.ಐ.ಆರ್. ದಾಖಲಾಯಿತು.

ಮೆಥೋಡಿಸ್ಟ್ ಸಭೆಯ ಬಿಷಪ್ ಎಲೀಷ ತಳಕೇರಿಯವರು ತೀರಿಕೊಂಡು ಐದು ವರ್ಷವಾಗಿತ್ತು; ಹೆಂಡತಿ ರೂತಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಕೂಲಿಯವರ ಮನೆಯಲ್ಲಿ ಹುಟ್ಟಿ, ಮಿಶನ್ ಸಾಲೆಯಲ್ಲಿ ಓದಿ, ಚಕ್ಕಡಿ ಕಟ್ಟಿಕೊಂಡು ಜಿಲ್ಲೆಯ ಹಳ್ಳಿಹಳ್ಳಿ ತಿರುಗಿ, ಕೊನೆಗೆ ಬಿಷಪ್ಪರಾದವರು. ಅವರ ದಿನಚರಿ, ಪ್ರಸಂಗದ ಹಾಳೆ, ಫೋಟೋ, ಪತ್ರಗಳೆಲ್ಲ ಸ್ಟೇಷನ್ ರಸ್ತೆಯ ಹಿಂದಿನ ಮಿಶನ್ ಬಂಗಲೆಯಲ್ಲಿ ಒಂದು ದೊಡ್ಡ ತಗಡಿನ ಟ್ರಂಕಿನಲ್ಲಿದ್ದವು. ತಿಂಗಳ ಕೊನೆಗೆ ಟ್ರಂಕು ಬೆಂಗಳೂರಿನ ದಾಖಲೆ ಭಂಡಾರಕ್ಕೆ ಹೋಗಬೇಕಿತ್ತು. ಅದಕ್ಕೂ ಮೊದಲು ಎಲ್ಲವನ್ನೂ ಪಟ್ಟಿ ಮಾಡುವ ಕೆಲಸವನ್ನು ಸೀತವ್ವ ಎಂಬ ಸಾಲೆಯ ಟೀಚರಿಗೆ ವಹಿಸಿದ್ದರು.

ಹನ್ನೆರಡು ಗಂಟೆಗೆ ಸ್ಥಳದ ಪಂಚನಾಮೆ ನಡೆಯಿತು. ಟ್ರಂಕಿನ ಬೀಗ ಮುರಿದಿರಲಿಲ್ಲ. ಒಳಗೆ ಬೆಳ್ಳಿಯ ಬಟ್ಟಲು, ಬಂಗಾರದ ನಿಬ್ಬಿನ ಪೆನ್ನು, ಜೇಬುಗಡಿಯಾರ ಇದ್ದಲ್ಲೇ ಇದ್ದವು. ಇಲ್ಲದಿದ್ದದ್ದು ನೀಲಿ ಅರಿವೆಯಲ್ಲಿ ಕಟ್ಟಿದ್ದ ಪತ್ರಗಳ ಗಂಟು ಒಂದೇ.

ಸೀತವ್ವನಿಗೆ ಇಪ್ಪತ್ತೈದರ ಆಸುಪಾಸು. ತಾನು ಬರೆದ ರಿಜಿಸ್ಟರನ್ನು ಫೌಜದಾರರ ಮುಂದಿಟ್ಟಳು. ಒಂದೊಂದು ಪತ್ರದ ತಾರೀಖು, ಊರು, ಮೊದಲ ಸಾಲು, ಎಲ್ಲ ದುಂಡಗಿನ ಅಕ್ಷರದಲ್ಲಿ.

"ಚಾವಿ ಎಷ್ಟ ಅದಾವ?"

"ಎರಡ್ರಿ. ಒಂದ ಪಾದ್ರಿಯವರ ಕಪಾಟಿನ್ಯಾಗ. ಒಂದ ನನ್ನ ಕಡೆ."

"ನಿಂದು ಎಲ್ಲಿಡ್ತಿ?"

"ಮನ್ಯಾಗ ಬಾಗಲ ಹಿಂದ ಗೂಟಕ್ಕ ಚೀಲ ಹಾಕ್ತೇನ್ರಿ. ಅದರಾಗ."

"ಮನ್ಯಾಗ ಮತ್ತ ಯಾರ ಅದಾರ?"

"ನಮ್ಮನಿಯವರು, ಧೂಳಪ್ಪ ಅಂತ. ಬಸ್ ಡ್ರೈವರ್ ಅದಾರ್ರಿ. ಜೈನಾಪುರದವರು."

ಶನಿವಾರ ಸಂಜೆ ಅವಳೇ ಬೀಗ ಹಾಕಿದ್ದಳು. ರವಿವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಬಂಗಲೆಯ ಮಂದಿಯೆಲ್ಲ ಆರಾಧನೆಯಲ್ಲಿದ್ದರು. ಕಳವು ಆಗಿದ್ದರೆ ಆ ಎರಡು ತಾಸಿನಲ್ಲೇ.

"ನಿನ್ನ ಗಂಡ ರವಿವಾರ ಎಲ್ಲಿದ್ದ?"

"ಡ್ಯೂಟಿ ಮ್ಯಾಲ."

ಅವಳು ತಡೆಯದೆ ಹೇಳಿದಳು, ಪರಸಪ್ಪ ಹಾಗೆಯೇ ಬರೆದುಕೊಂಡ. ಡಿಪೋಕ್ಕೆ ಹೋಗಿ ವಿಚಾರಿಸುವುದು ಅವನ ಕೆಲಸವಾಗಿತ್ತು. ಹೋಗಲಿಲ್ಲ.

ಹೋಗದಿರಲು ಕಾರಣವೂ ಇತ್ತು. ಪಾದ್ರಿಯವರು ಹೊರಡುವಾಗ ಫೌಜದಾರರ ಕಿವಿಯಲ್ಲಿ ಒಂದು ಹೆಸರು ಹಾಕಿದ್ದರು: ಶಾಂತಪ್ಪ. ಇಪ್ಪತ್ತೆರಡು ವರ್ಷ ಬಿಷಪ್ಪರ ಗುಮಾಸ್ತನಾಗಿದ್ದವನು. ಪಟ್ಟಿಯ ಕೆಲಸ ತನಗೆ ಕೊಡಲಿಲ್ಲವೆಂದು ಪ್ರಾರ್ಥನೆಯ ನಂತರ ಎಲ್ಲರೆದುರು ಕೂಗಾಡಿದ್ದನಂತೆ.

ಆರನೇ ತಾರೀಖು ಜೋರಾಪುರ ಪೇಟೆಯ ಅವನ ಮನೆಯನ್ನು ಶೋಧಿಸಿದರು. ಸಿಕ್ಕದ್ದು ಬಿಷಪ್ಪರ ಜೊತೆ ನಿಂತ ಮೂರು ಫೋಟೋ ಮಾತ್ರ. ಅರವತ್ತು ದಾಟಿದ ಶಾಂತಪ್ಪ ಗೋಡೆಗೆ ಆತು ನಿಂತಿದ್ದ.

"ಸೀತವ್ವನ ಮ್ಯಾಲೆ ನಿಮಗ ಸಿಟ್ಟು ಐತೇನು?"

"ಸಿಟ್ಟಲ್ಲರಿ, ಹೊಟ್ಟಿ ಉರೀತೈತಿ. ಸಾಹೇಬ್ರು ಹೇಳಿದ್ದನ್ನ ಟೈಪ್ ಮಾಡಿದಾವ ನಾನು. ಅವರ ಕೆಮ್ಮು ಕೇಳಿ ಮುಂದಿನ ಮಾತು ಏನಂತ ಹೇಳ್ತಿದ್ದೆ. ನಿನ್ನೆ ಮೊನ್ನೆ ಕಣ್ಣ ಬಿಟ್ಟ ಹುಡಿಗಿ ಆ ಟ್ರಂಕ್ ತಗೀತಾಳ, ನಾ ಹೊರಗ ನಿಂದರಬೇಕು!"

"ಅದಕ್ಕ ಕದ್ರಿ?"

"ನಾ ಕದಿಯೂದಾಗಿದ್ರ ಹೆಂಡತಿ ಪತ್ರ ಯಾಕ ಕದೀಲಿ? ಅದರಾಗ ನನ್ನ ಹೆಸರ ಎಲ್ಲೈತಿ? ದಿನಚರಿ ಕದೀತಿದ್ದೆ."

ಮಾತು ಸರಿಯಾಗಿತ್ತು. ಮೇಲಾಗಿ ರವಿವಾರ ಅವನು ಮುಂದಿನ ಸಾಲಿನಲ್ಲೇ ಕುಳಿತಿದ್ದನೆಂದು ಪಾದ್ರಿಯವರೇ ಒಪ್ಪಿದರು. ಅಲ್ಲಿಗೆ ಆ ದಾರಿ ಮುಚ್ಚಿತು.

ಸಂಶಯ ತಿರುಗಿ ಸೀತವ್ವನ ಮೇಲೆಯೇ ಬಂತು. ಒಂಬತ್ತನೇ ತಾರೀಖು ಅವಳು ಒಬ್ಬಳೇ ಠಾಣೆಗೆ ಬಂದಳು. "ತನಿಖೆ ಮುಗಿಯೂತನಕ ಸಾಲೀಗೂ ಬರಬ್ಯಾಡ ಅಂದಾರ್ರಿ. ಸಿಗದಿದ್ರ ನೌಕರಿ ಹೋಗ್ತೈತಿ. ಏನರ ಸುಳಿವು ಸಿಕ್ಕೈತೇನ್ರಿ?" ಸುತ್ತಲಿನ ಠಾಣೆಗಳಿಗೆ ಕಳಿಸಲೆಂದು ಅವಳ ರಿಜಿಸ್ಟರಿನಿಂದ ಅರವತ್ತಮೂರು ಮೊದಲ ಸಾಲುಗಳನ್ನೂ ಪರಸಪ್ಪ ಕೈಯಾರೆ ನಕಲು ಮಾಡಿದ್ದ. ಮಾಡಿದ್ದು ಅಷ್ಟೇ.

ಹದಿನಾಲ್ಕನೇ ತಾರೀಖು ಪರಸಪ್ಪನಿಗೇ ಒಂದು ಪತ್ರ ಬಂತು.

ಅವನ ಹೆಂಡತಿ ಬೋರವ್ವ ತಿಕೋಟಾದಲ್ಲಿ ಅತ್ತೆಯ ಜೊತೆ ಇದ್ದಳು. ಅವಳಿಗೆ ಓದು ಬರಹ ಬಾರದು. ಅಂಚೆ ಕಚೇರಿಯ ಮುಂದೆ ಕೂತು ಬರೆದುಕೊಡುವ ಲಾಡಲೇಸಾಬನಿಂದ ತಿಂಗಳಿಗೊಂದು ಪತ್ರ ಬರೆಸುತ್ತಿದ್ದಳು. ಅದರಲ್ಲಿ ಯಾವಾಗಲೂ ಅದೇ ಇರುತ್ತಿತ್ತು: ಎಲ್ಲರೂ ಕ್ಷೇಮ, ಸಾಬೂನು ತರುವುದು. ಈ ಸಲದ ಪತ್ರ ಒಡೆದರೆ ಹೀಗಿತ್ತು: "ಸಂಜೆಯಾದರೆ ಇಲ್ಲಿ ಬಾವಿಯ ಗಾಲಿ ಸದ್ದು ಮಾಡುತ್ತದೆ, ನೀರು ಸೇದುವವರು ನೀವೇ ಎಂದು ಮನಸ್ಸು ಎದ್ದು ಕೂಡುತ್ತದೆ."

ಪರಸಪ್ಪ ಎರಡು ಸಲ ಓದಿದ. ಹುಟ್ಟಿದಾಗಿನಿಂದ ಅವನು ಬಾವಿಯಿಂದ ಒಂದು ಕೊಡ ನೀರು ಸೇದಿದವನಲ್ಲ. ಹಾಗಾದರೆ ಸಂಜೆ ತನ್ನ ಮನೆಯ ಬಾವಿಯ ಹತ್ತಿರ ನೀರು ಸೇದುವವನು ಯಾರು? ಅವಳ ಮನಸ್ಸು ಯಾರನ್ನು ಕಂಡು ಎದ್ದು ಕೂಡುತ್ತದೆ? ಮಗ್ಗುಲ ಮನೆಯ ಪೈಲವಾನನ ಮೀಸೆ ಕಣ್ಣ ಮುಂದೆ ಬಂತು. ಬಡಿಸಿದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಠಾಣೆಗಳಿಗೆ ನೆನಪೋಲೆ ಬರೆಯಲೆಂದು ನಕಲನ್ನು ಬಿಚ್ಚಿದ. ಹದಿನೇಳನೆಯ ನಂಬರು, ೧೯೩೪, ಸಿಂದಗಿ: "ಸಂಜೆಯಾದರೆ ಇಲ್ಲಿ ಬಾವಿಯ ಗಾಲಿ ಸದ್ದು ಮಾಡುತ್ತದೆ, ನೀರು ಸೇದುವವಳು ನೀನೇ ಎಂದು..."

ಪತ್ರ ಮತ್ತು ನಕಲು ಎರಡನ್ನೂ ಹಿಡಿದು ಫೌಜದಾರರ ಮುಂದೆ ನಿಂತ. ಅಬ್ದುಲಸಮದರು ಓದಿ ತಲೆ ಎತ್ತಿದರು.

"ಇದನ್ನ ಬರದಾಂವ ಆ ಪತ್ರ ನೋಡ್ಯಾನ. ಈಗಿಂದೀಗ ಹೋಗು. ಮೊದಲ ಬರದಾವ್ನ ಕೇಳು, ಹೆಂಡತಿ ಕೂಡ ಜಗಳಾ ಆಮ್ಯಾಲ."

ಪರಸಪ್ಪ ಹನ್ನೊಂದು ಗಂಟೆಗೆ ತಿಕೋಟಾದಲ್ಲಿ ಇಳಿದ. ಆದರೂ ಮೊದಲು ಮನೆಗೇ ಹೋದ.

"ನೀರ ಸೇದಾಂವ ಯಾರು?"

ಬೋರವ್ವ ಸೆಗಣಿಯ ಕೈಯಲ್ಲೇ ನಿಂತು ನೋಡಿದಳು. "ಯಾವ ನೀರ್ರಿ? ಎಮ್ಮಿ ಈದೈತಿ, ಹೆಣ್ಣಗರಾ ಹಾಕೈತಿ ಅಂತ ಬರೀರಿ ಕಾಕಾ ಅಂದಿದ್ದೆ. ಬರದಿಲ್ಲೇನು?"

ಕರುವಿನ ಸುದ್ದಿ ಪತ್ರದಲ್ಲಿ ಇರಲೇ ಇಲ್ಲ. ಪರಸಪ್ಪ ತಿರುಗಿ ಅಂಚೆ ಕಚೇರಿಯ ಕಡೆ ನಡೆದ.

ಲಾಡಲೇಸಾಬ ಬೇವಿನ ಗಿಡದ ಕೆಳಗೆ, ದಾರ ಕಟ್ಟಿದ ಚಾಳೀಸು ಹಾಕಿಕೊಂಡು ಮನಿಆರ್ಡರ್ ಫಾರಂ ತುಂಬುತ್ತಿದ್ದ.

"ಕಾಕಾ, ಈ ಸಾಲು ಯಾರ್ದು?"

"ನಂದು."

"ಖರೇ ಹೇಳು. ನಾ ಡ್ಯೂಟಿ ಮ್ಯಾಲೆ ಬಂದೇನಿ."

ಮುದುಕ ಚಾಳೀಸು ತೆಗೆದ. "ನಂದಲ್ಲ ತಮ್ಮಾ. ಆದ್ರ ಅಂಥಾ ಮಾತು ಓದಿ ಸುಮ್ಮನ ಕೂಡೂದು ಹೆಂಗ? ಮಿಲಿಟರಿಯಾಗಿರೂ ಗಂಡಗೂ ಅದನ್ನ ಬರದೆ, ಮುಂಬೈ ಮಿಲ್ಲಿನಾಗಿರೂ ಮಗಗೂ ಅದನ್ನ ಬರದೆ. ಮೂವತ್ತು ವರ್ಷ ಕ್ಷೇಮ, ಕ್ಷೇಮ ಅಂತ ಬರದು ಕೈ ಸತ್ತಿತ್ತು."

"ಯಾರ ಪತ್ರ ಓದಿದಿ?"

"ಬಬಲೇಶ್ವರ ಗಾಡಿ ಡ್ರೈವರ ಧೂಳಪ್ಪ ತರ್ತಾನ. ಗಾಡಿ ಇಲ್ಲಿ ಇಪ್ಪತ್ತ ಮಿನಿಟು ನಿಂದರತೈತಿ. ಅವಗ ಬಸ್ಸಿನ ಬೋರ್ಡ್ ಓದಾಕ ಬರ್ತೈತಿ, ಕೂಡಿಸಿ ಬರದ ಅಕ್ಷರಾ ಬರೂದಿಲ್ಲ. ತೀರಿಹೋದ ಮಾವಂದು ಅಂದ. ದಿನಾ ನಾಕ ಪತ್ರ ಓದಸ್ತಾನ. ನಲವತ್ತರ ತನಕಾ ಮುಗದಾವ."

ಧೂಳಪ್ಪ! ಹನ್ನೊಂದು ದಿನದ ಹಿಂದೆ ತಾನೇ ಬರೆದುಕೊಂಡಿದ್ದ ಹೆಸರು.

"ಕೇಳುವಾಗ ಹೆಂಗ ಇರ್ತಾನ?"

"ಹಲ್ಲ ಕಚಕೊಂಡು ಕೇಳ್ತಾನ. ಒಂದೊಂದ ಮಾತು ಎರಡೆರಡ ಸಲ ಓದಸ್ತಾನ. 'ಇದರಾಗ ಅಂಥಾದ್ದೇನೈತಿ ಕಾಕಾ?' ಅಂತಾನ."

ಪರಸಪ್ಪ ಅಂಚೆ ಕಚೇರಿಯಿಂದಲೇ ಠಾಣೆಗೆ ಟ್ರಂಕ್ ಕಾಲ್ ಹಾಕಿಸಿದ. ಅರ್ಧ ತಾಸಿನಲ್ಲಿ ಫೌಜದಾರರು ಡಿಪೋದ ಡ್ಯೂಟಿ ಪಟ್ಟಿ ನೋಡಿಸಿದರು. ಫೆಬ್ರುವರಿ ಮೂರರಂದು ಧೂಳಪ್ಪನ ಡ್ಯೂಟಿ ಶುರುವಾದದ್ದು ಮಧ್ಯಾಹ್ನ ಎರಡಕ್ಕೆ.

ಸಂಜೆ ನಾಲ್ಕೂವರೆಗೆ ಬಸ್ಸು ಬಬಲೇಶ್ವರಕ್ಕೆ ಬಂದಾಗ ಜೀಪು ಅಲ್ಲಿ ನಿಂತಿತ್ತು. ಮಂದಿ ಇಳಿದು ಮುಗಿಯುವವರೆಗೆ ಫೌಜದಾರರು ಕಾದರು. ಧೂಳಪ್ಪ ಮೂವತ್ತರ ಗಟ್ಟಿ ಆಳು. ಖಾಕಿ ಅಂಗಿಗಳನ್ನು ಕಂಡು ಓಡಲಿಲ್ಲ. ತಾನೇ ಸೀಟು ಎತ್ತಿ, ಕೆಳಗಿನ ಹತ್ಯಾರದ ಪೆಟ್ಟಿಗೆ ತೋರಿಸಿದ. ಪಾನಾ, ಜಾಕುಗಳ ನಡುವೆ ನೀಲಿ ಗಂಟು. ಎಣ್ಣೆ ತಾಗದಿರಲೆಂದು ಅದಕ್ಕೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿದ್ದ.

ಕಂಡಕ್ಟರ್ ಮತ್ತು ಚಹಾ ಅಂಗಡಿಯವನನ್ನು ಪಂಚರನ್ನಾಗಿ ಕರೆದು ಎಣಿಸಿದರು. ಅರವತ್ತಮೂರು. ನಾಲ್ಕು ಐವತ್ತೈದಕ್ಕೆ ದಸ್ತಗಿರಿ.

ಮರುದಿನ, ಹದಿನಾರನೇ ತಾರೀಖು, ಬೆಳಿಗ್ಗೆ ಒಂಬತ್ತಕ್ಕೆ ಹೇಳಿಕೆ. ಫೌಜದಾರರು ಕೇಳಿದರು, ಪರಸಪ್ಪ ಬರೆದುಕೊಂಡ.

"ಯಾಕ ತಗೊಂಡಿ?"

"ಆಕಿ ಒಂದ ಪತ್ರ ಮನೀಗೆ ತಂದಿದ್ಲು, ರಿಜಿಸ್ಟರಿನ್ಯಾಗ ಬರೀಲಾಕ. ನಾ ಡ್ಯೂಟಿ ಮುಗಿಸಿ ಬಂದು ಬಾಗಲದಾಗ ನಿಂತೆ. ಆಕೀಗೆ ಗೊತ್ತ ಇಲ್ಲ. ಪತ್ರಾ ಎದೀಗೆ ಒತ್ತಿಕೊಂಡು ಅಳಾಕತ್ತಿದ್ಲು." ಧೂಳಪ್ಪ ತನ್ನ ಕೈಗಳನ್ನು ನೋಡಿಕೊಂಡ. "ಮದುವ್ಯಾಗಿ ನಾಕ ವರ್ಷ ಆತ್ರಿ. ನನ್ನ ಸಲುವಾಗಿ ಒಮ್ಮೆನೂ ಹಂಗ ಅತ್ತಿಲ್ಲ. ಆಮ್ಯಾಲೂ ಅಷ್ಟ. ಉಣ್ಣಾಕ ನೀಡಿದ್ರೂ ಬಿಷಪ್ ಸಾಹೇಬ್ರು, ಕೂತ್ರೂ ಬಿಷಪ್ ಸಾಹೇಬ್ರು. ಬದಕಿದ್ದಾಂವ ಆಗಿದ್ರ ಹೋಗಿ ಕುತ್ತಿಗಿ ಹಿಡೀತಿದ್ದೆ. ಸತ್ತಾವ್ನ ಏನ ಹಿಡೀಲಿ?"

"ಸುಡಲಿಲ್ಲ ಯಾಕ?"

"ಸುಡಬೇಕಂತನ ತಗೊಂಡಿದ್ದೆ. ಮೊದಲ ಅದರಾಗ ಏನೈತಿ ಕೇಳೂಣು ಅಂದೆ."

"ಕೇಳಿದ ಮ್ಯಾಲ?"

ಅವನು ಮುಖ ಗೋಡೆಯ ಕಡೆ ತಿರುಗಿಸಿದ. "ಚಂದ ಅದಾವ್ರಿ," ಎಂದ. ಕಳವಿಗಿಂತ ಇದನ್ನು ಒಪ್ಪಿಕೊಳ್ಳುವುದೇ ಅವನಿಗೆ ಕಷ್ಟವಾದಂತಿತ್ತು.

ಪತ್ರಗಳನ್ನು ಗುರುತಿಸಲು ಸೀತವ್ವನನ್ನು ಕರೆಸಿದ್ದರು; ಗಂಡನ ಹೇಳಿಕೆಯನ್ನು ಅವಳು ಬಾಗಿಲಲ್ಲಿ ನಿಂತು ಕೇಳಿದ್ದಳು. ಅವಳು ಗಂಡನ ಕಡೆ ನೋಡದೆ ಮೇಜಿನ ಮುಂದೆ ಕುಳಿತು, ಒಂದೊಂದನ್ನೂ ರಿಜಿಸ್ಟರಿಗೆ ಹಿಡಿದು ತಾಳೆ ನೋಡಿದಳು. ನಲವತ್ತೊಂದನೆಯದಕ್ಕೆ ಬಂದಾಗ ಕೈ ನಿಂತಿತು. ಆಗ ಮೊದಲ ಸಲ ಅವನ ಕಡೆ ತಿರುಗಿದಳು.

"ಅವತ್ತ ನನ್ನ ಕೈಯಾಗಿದ್ದದ್ದು ಇದ. ಇದನ್ನ ಓದಿಸಿದ್ರೇನು?"

"ಇಲ್ಲ. ಅಲ್ಲೀ ತನಕಾ ಬಂದಿರ್ಲಿಲ್ಲ."

ಅವಳು ಓದಿದಳು. "ಪ್ರಿಯ ರೂತಾ, ಮಗನ ಸುದ್ದಿ ತಲುಪಿತು. ದೇವರು ಕೊಟ್ಟದ್ದನ್ನು ದೇವರೇ ಕರೆದುಕೊಂಡನು. ಇನ್ನೂ ಏಳು ಹಳ್ಳಿಗಳ ಸಭೆ ಉಳಿದಿದೆ. ಮುಗಿಸಿಕೊಂಡು ಬರುತ್ತೇನೆ."

ಹಾಳೆಯನ್ನು ಅವನ ಕಡೆ ಹಿಡಿದಳು. ನಡುವೆ ಶಾಯಿ ಹರಡಿ ನಾಲ್ಕು ಸಾಲು ಕಲಸಿಹೋಗಿದ್ದವು.

"ಮೂರು ವರ್ಷದ ಕೂಸು. ರೂತಮ್ಮ ಒಬ್ಬಾಕೀನ ಮಣ್ಣು ಮಾಡಿದ್ಲು. ಇವರು ಬರೂದ್ರೊಳಗ ಹದಿನೆಂಟ ದಿನಾ ಆಗಿತ್ತು, ದಿನಚರಿಯಾಗ ಬರಕೊಂಡಾರ. ಈ ಶಾಯಿ ಕಲಸಿದ್ದು ಆಕಿ ಕಣ್ಣೀರು. ನಾ ಅತ್ತದ್ದು ಆಕೀ ಸಲುವಾಗಿ."

ಧೂಳಪ್ಪ ಬಾಗಿ ಆ ಕಲಸಿದ ಸಾಲುಗಳನ್ನು ನೋಡಿದ. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದ:

"ಹಂಗಾರ ಆ ಸಾಹೇಬ ಅಷ್ಟ ಒಳ್ಳೇಯಾಂವ ಅಲ್ಲ, ಹೌದಿಲ್ಲೊ?"

ಸೀತವ್ವ ಅವನನ್ನೇ ನೋಡಿದಳು. "ಊರಿಗೆಲ್ಲಾ ಒಳ್ಳೇವ್ರು. ಬರಗಾಲದಾಗ ಎಷ್ಟೋ ಮಂದಿ ಜೀವ ಉಳಿಸ್ಯಾರ. ಮನೀಗೆ ಪತ್ರಾ ಬರೀತಿದ್ರು, ಅಷ್ಟ."

ಅವಳು ಉಳಿದ ಇಪ್ಪತ್ತೆರಡು ಪತ್ರಗಳನ್ನೂ ತಾಳೆ ನೋಡಿ, ಕೆಳಗೆ ಸಹಿ ಮಾಡಿ, ಜಾಮೀನಿಗೆ ಯಾರನ್ನು ಕಾಣಬೇಕೆಂದು ಫೌಜದಾರರನ್ನು ಕೇಳಿ ಎದ್ದಳು.

ಹನ್ನೊಂದಕ್ಕೆ ಆರೋಪಿಯನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಹೇಳಿಕೆಯ ಕೊನೆಗೆ ಬಂದು ಪರಸಪ್ಪ ಪೆನ್ನು ತಡೆದ.

"ಉದ್ದೇಶ ಅಂತ ಏನ ಬರೀಲ್ರಿ ಸಾಹೇಬ್ರ?"

"ಹೇಳ್ಯಾನಲ್ಲ. ಹೊಟ್ಟಿಕಿಚ್ಚು."

"ಯಾರ ಮ್ಯಾಲ ಅಂತ?"

ಅಬ್ದುಲಸಮದರು ಟೋಪಿ ಹಾಕಿಕೊಳ್ಳುತ್ತ ಬಾಗಿಲ ಕಡೆ ನೋಡಿದರು. ಅಲ್ಲಿ ಧೂಳಪ್ಪ ಬೇಡಿಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬಂಗಲೆಯ ದಾರಿ ಹಿಡಿದು ಹೋಗುತ್ತಿದ್ದ ಹೆಂಡತಿಯ ಬೆನ್ನನ್ನೇ ನೋಡುತ್ತ ಕುಳಿತಿದ್ದ. ಜೈಲಿಗೆ ಹೊರಟವನ ಮುಖ ಅದಾಗಿರಲಿಲ್ಲ. ಏನೋ ಭಾರ ಇಳಿದಂತೆ ಸಡಿಲಾಗಿತ್ತು.

ಪರಸಪ್ಪ ಬರೆದ: "ದಿವಂಗತ ಬಿಷಪ್ ಎಲೀಷ ತಳಕೇರಿ ಇವರ ಮೇಲೆ."