ಕಾಳವ್ವ ಹೇಳದೆ ಹೋದ ಸೊಪ್ಪು

ಬಹಳ ಹಿಂದೆ, ಗಿಡಬಳ್ಳಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮರುಗಪುರ ಎಂಬ ರಾಜ್ಯವಿತ್ತು. ಅದರಾಚೆಯ ಬೆಟ್ಟದಲ್ಲಿ ಕರ್ಕಾಸುರನೆಂಬ ಮಾಯಾವಿ ಇದ್ದ. ಅವನು ಊದಿದ ಗಾಳಿ ತಾಗಿದವರ ಮೈಯೊಳಗೆ ಏಡಿಯೊಂದು ಹುಟ್ಟಿ, ಕಾಲು ಚಾಚಿ ಬೆಳೆಯುತ್ತಿತ್ತು. ಜನ ಅದನ್ನು ಏಡಿಗಂತಿ ಎನ್ನುತ್ತಿದ್ದರು.

ಆದರೂ ಒಂದು ಕಾಲಕ್ಕೆ ಯಾರೂ ಅಷ್ಟು ಹೆದರುತ್ತಿರಲಿಲ್ಲ, ಏಕೆಂದರೆ ಮದ್ದಿನ ಕಾಳವ್ವ ಇದ್ದಳು. ಅವಳ ಸೊಪ್ಪಿನ ಮದ್ದಿಗೆ ಏಡಿ ಅಡ್ಡಡ್ಡ ನಡೆದು ಹೊರಗೆ ಬರುತ್ತಿತ್ತು. ಯಾವ ಸೊಪ್ಪು ಎಂದರೆ ಮಾತ್ರ ಕಾಳವ್ವ ಬಾಯಿ ಬಿಡುತ್ತಿರಲಿಲ್ಲ. ಹೇಳಿದರೆ ಮದ್ದಿನ ಗುಣ ಕೆಡುತ್ತದೆ, ಸಾಯುವಾಗ ಒಬ್ಬರ ಕಿವಿಯಲ್ಲಷ್ಟೇ ಹೇಳಬೇಕು ಎಂಬುದು ಆ ಮನೆತನದ ಕಟ್ಟಳೆ. ಸಾವೇನು ಹೇಳಿಕೇಳಿ ಬರುತ್ತದೆಯೇ? ಒಂದು ಮಧ್ಯಾಹ್ನ ಊಟಕ್ಕೆ ಕೂತ ಕಾಳವ್ವ ಕೂತಲ್ಲೇ ಹೋದಳು. ಮೊಮ್ಮಗಳು ದುಗ್ಗಳೆಗೆ ಉಳಿದದ್ದು ಅಜ್ಜಿಯ ಅಂಗೈ ವಾಸನೆಯೊಂದೇ. ಜಡೆ ಹಾಕುವಾಗ ಮೂಗಿಗೆ ಬಡಿಯುತ್ತಿದ್ದ ಆ ವಾಸನೆ, ಕಹಿಯ ಹಿಂದೆ ಒಂದಿಷ್ಟು ಬೆಲ್ಲ. "ಏನಜ್ಜಿ ಇದು?" ಎಂದು ಕೇಳಿದರೆ ಅಜ್ಜಿ ನಕ್ಕು ಸುಮ್ಮನಾಗುತ್ತಿದ್ದಳು.

ವರ್ಷಗಳ ಮೇಲೆ ಅಕ್ಕ ಮಾಳವ್ವೆಯ ಎದೆಗೆ ಏಡಿ ಸೇರಿತು. ತಾಯಿಯಿಲ್ಲದ ದುಗ್ಗಳೆಯನ್ನು ಸಾಕಿ ಬೆಳೆಸಿದ ಅಕ್ಕ ಅವಳು. ದುಗ್ಗಳೆ ಆ ವಾಸನೆಯನ್ನೇ ನಂಬಿ ಕಾಡಿಗೆ ಹೊರಟಳು.

ಮೊದಲು ಹುಲಿಯೊಂದು ಅಡ್ಡ ನಿಂತಿತು. ಅದರ ಮೈತುಂಬ ಕೂದಲ ಬದಲು ಹುಲ್ಲು ಬೆಳೆದಿತ್ತು. ಕಬ್ಬಿಣ ಹಿಡಿದವರನ್ನು ಒಳಗೆ ಬಿಡುವುದಿಲ್ಲ ಎಂದಿತು. ಅಜ್ಜಿ ಕುಡುಗೋಲು ಒಯ್ಯದೆ ಉಗುರಲ್ಲೇ ಸೊಪ್ಪು ಚಿವುಟುತ್ತಿದ್ದುದು ನೆನಪಾಗಿ, ದುಗ್ಗಳೆ ಸೊಂಟದ ಕುಡುಗೋಲನ್ನು ಎಸೆದಳು. ಹುಲಿ ದಾರಿ ಬಿಟ್ಟಿತು.

ಮುಂದೆ ಗಿಡಗಳೆಲ್ಲ ನಾನೇ ಮದ್ದು, ನಾನೇ ಮದ್ದು ಎಂದು ಕೂಗತೊಡಗಿದವು. ಅವಳು ಕಣ್ಣು ಮುಚ್ಚಿ ಮೂಸುತ್ತ ನಡೆದಳು. ಒಂದು ಬಳ್ಳಿ ಮಾತ್ರ ಕೂಗಲಿಲ್ಲ. ಅದರ ಹತ್ತಿರ ಅಜ್ಜಿಯೇ ಬಂದು ನಿಂತಂತಾಗಿ ದುಗ್ಗಳೆ ಅತ್ತುಬಿಟ್ಟಳು. ಕೈಮುಗಿದು ಎಲೆ ಚಿವುಟಿ ನಾಲಗೆಗೆ ಇಟ್ಟರೆ ತುಟಿ ಮರಗಟ್ಟಿತು. ಮದ್ದಿದ್ದ ಎಲೆಯಲ್ಲೇ ವಿಷವೂ ಇತ್ತು.

ಎಲೆ ಹಿಡಿದು ದಿಕ್ಕು ತೋಚದೆ ನಿಂತಾಗ ಪಕ್ಕದ ಕೊಳದಿಂದ ಮುದಿ ಹಂಸವೊಂದು ಅವಳನ್ನು ಕರೆಯಿತು. ಹಾಲು ನೀರನ್ನು ಬೇರೆ ಮಾಡುವ ಹಂಸಕ್ಕೆ ಇದೇನು ದೊಡ್ಡದು? ಇದು ಚುಕ್ಕಿಬಳ್ಳಿ, ನಿಮ್ಮ ಮನೆತನಕ್ಕೆ ಮೊದಲು ಕಲಿಸಿದ್ದೂ ನಾನೇ ಎಂದು, ರಸವನ್ನು ಹಾಲಿಗೆ ಬೆರೆಸಿ, ವಿಷ ತಳಕ್ಕಿಳಿದ ಮೇಲೆ ಕೆನೆ ತೆಗೆಯುವುದನ್ನು ತೋರಿಸಿತು. ಕಲಿಸಿದ್ದಕ್ಕೆ ಅದು ಕೇಳಿದ್ದು ಒಂದೇ, ಇದನ್ನು ಊರಿಗೆಲ್ಲ ಹೇಳಬೇಕು.

"ಹೇಳಿದ್ರೆ ಗುಣ ಕೆಡುತ್ತೆ. ನಮ್ಮ ಮನೆ ಕಟ್ಟಳೆ ಅದು" ಎಂದಳು ದುಗ್ಗಳೆ.

"ಹೇಳದೆ ಇದ್ದದ್ದಕ್ಕೆ ಏನು ಉಳೀತು ಮಗಳೇ?" ಎಂದಿತು ಹಂಸ.

ಕೆನೆ ಹಿಡಿದು ಮನೆಗೆ ಬಂದರೆ ಬಾಗಿಲಲ್ಲೇ ಕರ್ಕಾಸುರ. ಬಾಯಿ ಮುಚ್ಚಿಕೊಂಡಿದ್ದರೆ ನಿನ್ನಕ್ಕನನ್ನು ಬಿಡುತ್ತೇನೆ, ಹೇಳಿದೆಯೋ ಮದ್ದು ಕೆಟ್ಟು ಅವಳು ಸಾಯುತ್ತಾಳೆ ಎಂದ. ಇಷ್ಟು ಹೆದರಿಸುವವನಿಗೂ ಏನೋ ಹೆದರಿಕೆ ಇರಲೇಬೇಕು ಎಂದು ದುಗ್ಗಳೆಗೆ ಅನ್ನಿಸಿತು. ಅವಳು ಊರಬಾವಿಯ ಕಟ್ಟೆ ಹತ್ತಿ, ಚುಕ್ಕಿಬಳ್ಳಿ ಎಂದು ಕೂಗಿ, ಕೆನೆ ತೆಗೆಯುವ ಬಗೆಯನ್ನೂ ಹೇಳಿಬಿಟ್ಟಳು. ಮಾತು ಬಾಯಿಂದ ಬಾಯಿಗೆ ಹೋದಂತೆಲ್ಲ ಮಾಯಾವಿ ಕುಗ್ಗುತ್ತ ಬಂದ. ಕೊನೆಗೆ ಗದ್ದೆಯ ಏಡಿಯಷ್ಟಾಗಿ ಬಿಲ ಹೊಕ್ಕ. ಮದ್ದಿನ ಗುಣ ಕೆಟ್ಟಿರಲಿಲ್ಲ. ಅದನ್ನು ಕುಡಿದ ಮಾಳವ್ವೆಯ ಎದೆಯ ಏಡಿಯೂ ಅಡ್ಡಡ್ಡ ನಡೆದು ಹೊರಬಿತ್ತು.

ಮರುಗಪುರದ ಹಿತ್ತಿಲು ಹಿತ್ತಿಲಲ್ಲೂ ಆ ಬಳ್ಳಿ ಹಬ್ಬಿತು, ಎಲ್ಲರೂ ಸುಖವಾಗಿದ್ದರು. ಒಂದು ಸಂಜೆ ಜಡೆ ಹಾಕಿಸಿಕೊಳ್ಳಲು ಕೂತ ಅಕ್ಕನ ಮಗಳು, "ಚಿಕ್ಕಮ್ಮ, ನಿನ್ನ ಕೈ ಏನು ವಾಸನೆ ಇದು?" ಎಂದು ಕೇಳಿದಳು. ದುಗ್ಗಳೆ ಥೇಟ್ ಅಜ್ಜಿಯ ಹಾಗೆ ನಕ್ಕಳು. ಆದರೆ ಸುಮ್ಮನಾಗಲಿಲ್ಲ.

"ಚುಕ್ಕಿಬಳ್ಳಿ ಕಂದ" ಎಂದಳು.