ಕೇಳದೆ ನಡೆದ ದಾರಿ

ಲಿನೆಟ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೂಟಿನ ಕೆಸರು ಕೆರೆಯುತ್ತಿದ್ದಳು. ಕೈಯಲ್ಲಿ ಮೊಂಡು ಬೆಣ್ಣೆಚಾಕು, ಕಾಲ ಬಳಿ ಹಳೇ ಪೇಪರು, ಪಕ್ಕದಲ್ಲಿ ಆರಿಹೋಗುತ್ತಿರುವ ಟೀ. ನಿಜ ಹೇಳಬೇಕೆಂದರೆ ಕೆರೆಯುವುದಕ್ಕೆ ಏನೂ ಇರಲಿಲ್ಲ. ಹ್ಯಾಚ್ ಫಾರ್ಮಿನ ಹುಲ್ಲುಗಾವಲಿನ ಕೆಂಪು ಜೇಡಿ ಅಂಟಿದ್ದರೆ ಬಿಡಿಸಲು ಅರ್ಧ ಬೆಳಗು ಬೇಕು. ಆ ದಾರಿಗೆ ಬೀಗ ಬಿದ್ದ ಮೇಲೆ ಬೂಟಿಗೆ ಅಂಟುವುದು ಬರೀ ಡಾಂಬರು ರಸ್ತೆಯ ಮರಳು. ಆದರೂ ಕೆರೆಯುತ್ತಲೇ ಇದ್ದಳು. ಕೈ ಖಾಲಿಯಾದರೆ ಒಳಗೆ ಹೋಗಿ ಕಾಗದ ಬರೆಯಬೇಕಾಗುತ್ತದಲ್ಲ!

"ಇನ್ನೊಂಚೂರು ಕೆರೆದ್ರೆ ಆ ಬೂಟು ಚಪ್ಪಲಿ ಆಗುತ್ತೆ ಕಣೇ," ಎನ್ನುತ್ತ ಪಕ್ಕದ ಮನೆಯ ಮಾರ್ಜ್ ಬೇಲಿಯ ಬಾಗಿಲು ತಳ್ಳಿಕೊಂಡು ಬಂದಳು. ಎಂಬತ್ತರ ಮುದುಕಿ. ಥಾರ್ಲಿ ಊರಿನಲ್ಲಿ ಗುರುವಾರ ಗುರುವಾರ ನಡೆಯಲು ಹೋಗುವ ಗುಂಪಿಗೆ ಕಾಲು ಹ್ಯಾಚ್ ಫಾರ್ಮಿನ ಹಳೇ ಯಜಮಾನ ಡೆರಿಕ್‌ನದಾದರೆ ಬಾಯಿ ಇವಳದು.

"ಬರೆದೆಯಾ?"

"ಇವತ್ತು ಬರೀತೀನಿ."

"ಹೋದ ವಾರಾನೂ ಇವತ್ತೇ ಬರೀತೀನಿ ಅಂದಿದ್ದೆ. ನಿನ್ನ ಇವತ್ತಿಗೆ ಒಂದು ನಾಳೆ ಅಂತ ಇದೆಯಾ ಇಲ್ವಾ? ಎಲ್ಲರದ್ದೂ ಬಂತು. ಪಾದ್ರಿಗಳದ್ದು ಬಂತು, ಪಬ್ಬಿನವನದ್ದು ಬಂತು. ಆ ದಾರೀಲಿ ಎಲ್ಲರಿಗಿಂತ ಹೆಚ್ಚು ನಡೆದವಳು ನೀನು, ನಿಂದೇ ಇಲ್ಲ."

ಲಿನೆಟ್ ಇನ್ನೊಂದು ಬೂಟು ಎತ್ತಿಕೊಂಡಳು.

ಆ ಊರಿನ ಸುತ್ತುದಾರಿ ಪಬ್ಬಿನ ಬಾಗಿಲಲ್ಲಿ ಶುರುವಾಗಿ ಪಬ್ಬಿನ ಬಾಗಿಲಲ್ಲೇ ಮುಗಿಯುತ್ತದೆ. ಚರ್ಚಿನ ಸಮಾಧಿಗಳ ನಡುವೆ ಹಾದು, ಹಳೇ ನೀರುಗಿರಣಿ ದಾಟಿ, ಬೇಲಿ ದಾಟಲು ಕಟ್ಟಿದ ಮರದ ಮೆಟ್ಟಿಲ ತಡಮೆ ಹತ್ತಿ ಇಳಿದು, ಹ್ಯಾಚ್ ಫಾರ್ಮಿನ ಹುಲ್ಲುಗಾವಲಿನಲ್ಲಿ ಕುರಿಗಳ ಪಕ್ಕದಿಂದ ಗುಡ್ಡ ಏರಿ, ಬೀಚ್ ಮರಗಳ ಕಾಡಿನಿಂದ ಕೆಳಗಿಳಿದರೆ ಮತ್ತೆ ಊರು. ಫಾರ್ಮನ್ನು ಕೊಂಡ ವಿಟ್‌ಕೂಂಬ್ ಎನ್ನುವ ಹೊಸ ಯಜಮಾನ ಬೇಸಿಗೆಯಲ್ಲಿ ತಡಮೆ ಕಿತ್ತು, ಅಲ್ಲಿ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಹಾಕಿದ. ಸುತ್ತು ತುಂಡಾಯಿತು. ಹೋದ ದಾರಿಯಲ್ಲೇ ಹಿಂದಿರುಗಬೇಕು, ಇಲ್ಲವೆ ಲಾರಿಗಳು ಮೈಮೇಲೆ ಬರುವ ಹೆದ್ದಾರಿ ಹಿಡಿಯಬೇಕು. "ಹೋದ ದಾರೀಲೇ ವಾಪಸ್ ಬರೋದು ನಡಿಗೆ ಅಲ್ಲ ಕಣ್ರೀ, ಮರೆತ ಕೊಡೆ ತರೋಕೆ ಹೋದ ಹಾಗೆ," ಎಂದು ಮಾರ್ಜ್ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಹಳೇ ನಕ್ಷೆಯಲ್ಲಿ ಆ ದಾರಿ ಇರಲಿಲ್ಲ. ಆದರೆ ಕಾನೂನಿನಲ್ಲಿ ಒಂದು ಕಿಂಡಿಯಿತ್ತು. ಇಪ್ಪತ್ತು ವರ್ಷ ಜನ ಬೇಲಿ ಮುರಿಯದೆ, ಕದ್ದುಮುಚ್ಚಿ ಅಲ್ಲದೆ, ಯಾರ ಅಪ್ಪಣೆಯನ್ನೂ ಪಡೆಯದೆ ನಡೆದಿದ್ದರೆ ದಾರಿ ಊರಿನದು. ನಡೆದವರು ಕೈಯಾರೆ ಬರೆದು ಸಹಿ ಹಾಕಿದ ಕಾಗದ ಸೋಮವಾರದೊಳಗೆ ಕೌಂಟಿ ಕಚೇರಿ ಮುಟ್ಟಬೇಕು.

"ನಂಗೊಂದು ಅರ್ಥ ಆಗಲ್ಲ ಮಾರ್ಜ್," ಲಿನೆಟ್ ಮೆಲ್ಲಗೆ ಕೇಳಿದಳು. "ಕೇಳಿ ನಡೆದ್ರೆ ಹಕ್ಕಿಲ್ಲ, ಕೇಳದೆ ನುಗ್ಗಿದ್ರೆ ಹಕ್ಕು. ಇದು ಯಾವ ಸೀಮೆ ನ್ಯಾಯ?"

"ಅದೇ ತಮಾಷೆ. ಕುರ್ಚಿಗೆ ಕಾಲು ತಗುಲಿದ್ರೆ ಕುರ್ಚಿ ಹತ್ರ ಕ್ಷಮೆ ಕೇಳೋ ಜನ ನಾವು. ನಮ್ಮಂಥೋರಿಗೆ ಮಾಡಿದ ಕಾನೂನಲ್ಲ ಇದು."

"ಯಾರಿಗಾದ್ರೂ, ಯಾವತ್ತೋ ಒಂದಿನ, ಫಾರ್ಮಿನವರು 'ಬಾ' ಅಂದಿದ್ರೆ?"

"ಅಂದಿದ್ರೆ ಅಂದೋರೂ ಕೇಳಿಸ್ಕೊಂಡೋರೂ ಬಾಯಿ ಮುಚ್ಕೊಂಡಿರಬೇಕು. ಒಬ್ಬರಿಗೆ ಕೊಟ್ಟದ್ದು ಊರಿಗೇ ಕೊಟ್ಟ ಹಾಗೆ ಅಂತ ಆ ವಿಟ್‌ಕೂಂಬನ ವಕೀಲ ಹಿಡ್ಕೋತಾನೆ. ಆಮೇಲೆ ಡೆರಿಕ್ ಗತಿ? ಫಾರ್ಮು ಅವರದ್ದಾಗಿದ್ದಾಗ ತಾನಾಗಲಿ ತಮ್ಮಪ್ಪನಾಗಲಿ ಯಾರಿಗೂ ಅಪ್ಪಣೆ ಕೊಟ್ಟಿಲ್ಲ ಅಂತ ಅವನು ಆಗಲೇ ಸಹಿ ಹಾಕಿ ಕಳಿಸಿದಾನೆ. ಸುಳ್ಳುಗಾರ ಆಗ್ತಾನೆ." ಮಾರ್ಜ್ ಕಣ್ಣು ಕಿರಿದು ಮಾಡಿದಳು. "ಯಾಕೆ ಕೇಳ್ತೀಯೇ?"

"ಸುಮ್ನೆ."

ಲಿನೆಟ್‌ಳ ಎದೆಯಲ್ಲಿ ಯಾರೋ ಚಿಲಕ ಹಾಕಿದ ಹಾಗಾಯಿತು.

*

ಆ ದಿನ ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಅವಳಿಗಾಗ ಇಪ್ಪತ್ತನಾಲ್ಕೋ ಐದೋ. ಕುರಿಗಳ ಉಣ್ಣೆ ಕತ್ತರಿಸುವ ಕಾಲ. ತಡಮೆಯ ಆಚೆ ಡೆರಿಕ್ ನಿಂತಿದ್ದ. ಅಂಥ ಕೊಳೆ ಕೆಲಸದ ದಿನವೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲ್ಲೋ ಮದುವೆಗೆ ಹೊರಟಿರಬೇಕು ಅಂದುಕೊಂಡಳು. ಅವಳು ಇಳಿಯಲಿ ಎಂದು ಕೈ ಚಾಚಿದ. ಇಳಿದ ಮೇಲೂ ಆ ಕೈ ಒಂದು ಗಳಿಗೆ ಬಿಡುವುದನ್ನು ಮರೆತಿತ್ತು.

"ಯಾವಾಗ ಬೇಕಾದ್ರೂ ಬಾ, ಲಿನೆಟ್," ಅಂದ. ಕಿವಿಯ ತುದಿ ಕೆಂಪಾಗಿತ್ತು. "ಕೇಳೋದೇನೂ ಬೇಡ. ನಿಂದೇ ಅಂದ್ಕೋ."

ಅವಳು ಏನಂದಳು? ತಾಯಿ ಕಲಿಸಿದ್ದನ್ನೇ ಅಂದಳು. "ತುಂಬಾ ಉಪಕಾರ. ತೊಂದ್ರೆ ಕೊಡಲ್ಲ."

ಅಷ್ಟೇ. ಮನೆಗೆ ಬಂದು ಊಟ ಬಿಟ್ಟು ಕಿಟಕಿಯ ಬಳಿ ಕೂತಳು. ಹೊಲದಲ್ಲಿ ಹಾದುಹೋಗಲು ಹೇಳಿದ ಮಾತು, ಮರ್ಯಾದೆಯ ಮಾತು. ಅದಕ್ಕಿಂತ ಹೆಚ್ಚು ತಿಳಿದುಕೊಂಡರೆ ತಾನೇ ಮೂರ್ಖಳು ಎಂದು ಮನಸ್ಸಿಗೆ ಬುದ್ಧಿ ಹೇಳಿದಳು. ಮಾತಿಗೆ ತಕ್ಕ ಹಾಗೆ ತೊಂದರೆಯನ್ನೂ ಕೊಡಲಿಲ್ಲ. ಗುರುವಾರ ಬಂದರೆ ಆ ದಾರಿಯಲ್ಲಿ ನಡೆದಳು, ಮಳೆಯ ಮಾತಾಡಿದಳು, ಬಿಸಿಲಿನ ಮಾತಾಡಿದಳು. ನಡುವೆ ಡೆರಿಕ್ ಒಬ್ಬಳನ್ನು ಮದುವೆಯಾದ. ಕುರಿಯ ವಾಸನೆ ಆಗದೆ ಅವಳು ಲೀಡ್ಸ್ ನಗರಕ್ಕೆ ಹೊರಟುಹೋದಳು. ಲಿನೆಟ್ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಳು, ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದಳು. ಒಬ್ಬನ ಕೈಯಲ್ಲಿ ಸಾಗದೆ ಡೆರಿಕ್ ಫಾರ್ಮು ಮಾರಿ ನೀರುಗಿರಣಿ ಪಕ್ಕದ ಸಣ್ಣ ಮನೆ ಸೇರಿದ. ಜೀವಮಾನದಲ್ಲಿ ಅವಳಿಗೆಂದೇ ಯಾರೋ ಹೇಳಿದ ಮಾತು ಅದೊಂದೇ ಇತ್ತು. ಈಗ ಬರೆದುಕೊಡಬೇಕು, ಯಾರೂ ನನಗೆ 'ಬಾ' ಅನ್ನಲಿಲ್ಲ ಎಂದು. ಬರೆದರೆ ಸುಳ್ಳು. ಬರೆಯದಿದ್ದರೆ, ಎಲ್ಲರಿಗಿಂತ ಹೆಚ್ಚು ನಡೆದವಳ ಸಾಕ್ಷಿಯಿಲ್ಲದೆ ದಾರಿ ಹೋಯಿತು. ನಿಜ ಬರೆದರೆ ದಾರಿಯೂ ಹೋಯಿತು, ಡೆರಿಕ್‌ನ ಮಾನವೂ ಹೋಯಿತು.

ಎಲ್ಲಕ್ಕಿಂತ ಚುಚ್ಚುತ್ತಿದ್ದದ್ದು ಬೇರೆ. ಯಾರಿಗೂ ಹೇಳಿಲ್ಲ ಎಂದು ಅವನು ಸಹಿ ಹಾಕಿದ್ದಾನೆ. ಅಂದರೆ, ಮರೆತಿದ್ದಾನೆ.

*

ಗುರುವಾರ ಗುಂಪು ಬೀಗದ ಗೇಟಿನ ತನಕ ಹೋಗಿ ನಿಂತಿತು. ಆಚೆ ಹುಲ್ಲಿನಲ್ಲಿ ಕಾಲುದಾರಿಯ ಗೆರೆ ಆಗಲೇ ಮಸುಕಾಗಿತ್ತು. ನಡೆಯದ ದಾರಿಯನ್ನು ಹುಲ್ಲು ಎಷ್ಟು ಬೇಗ ಮರೆಯುತ್ತದೆ ನೋಡಿ.

ಡೆರಿಕ್ ಫ್ಲಾಸ್ಕ್ ತೆರೆದು ಟೀ ಬಗ್ಗಿಸಿ ಮೊದಲ ಲೋಟ ಲಿನೆಟ್‌ಗೇ ಚಾಚಿದ. ಪ್ರತಿ ಸಲವೂ ಹಾಗೇ. ಸಕ್ಕರೆ ಎಷ್ಟು ಎಂದು ಅವನು ಒಮ್ಮೆಯೂ ಕೇಳಿದ್ದಿಲ್ಲ, ಒಮ್ಮೆಯೂ ತಪ್ಪಿದ್ದಿಲ್ಲ. ಲೋಟ ಕೈ ಬದಲಾಗುವಾಗ ಇಬ್ಬರೂ ಲೋಟವನ್ನೇ ನೋಡಿದರು.

"ನಿಮ್ಮ ಕಾಗದ ಒಂದೇ ಬಾಕಿ," ಅಂದ. "ಒತ್ತಾಯ ಏನಿಲ್ಲ."

"ಛೇ, ಒತ್ತಾಯ ಅಂತ ಅಂದ್ಕೊಂಡಿಲ್ಲ. ತಡ ಆಯ್ತು, ಕ್ಷಮಿಸಿ."

"ಅಯ್ಯೋ, ನೀವ್ಯಾಕೆ? ನಾನೇ ಕ್ಷಮೆ ಕೇಳಬೇಕು."

"ಇಬ್ಬರದ್ದೂ ಕ್ಷಮೆ ಮುಗಿದಿದ್ರೆ," ಮಾರ್ಜ್ ಹಿಂದಿನಿಂದ ಕೂಗಿದಳು, "ಆ ಕೇಕ್ ಡಬ್ಬಿ ಸ್ವಲ್ಪ ಈ ಕಡೆ ದಾಟಿಸಿ. ಒಂದೇ ಕೆರೆ ನೀರು ಕುಡಿದು ಬೆಳೆದೋರು, ಬ್ಯಾಂಕಿನವರ ಹಾಗೆ ನೀವು ತಾವು ಅಂತೀರಿ!"

ಎಲ್ಲರೂ ಕೇಕಿನ ಸುತ್ತ ಸೇರಿದಾಗ ಲಿನೆಟ್ ಧೈರ್ಯ ಮಾಡಿದಳು. ಲೋಟದ ಬಿಸಿ ಕೈಗೆ ತಾಗುತ್ತಲೇ ಇರಲಿಲ್ಲ.

"ನೀವು ಯಾರಿಗೂ ಹೇಳಿಲ್ವಾ? ಯಾವಾಗ್ಲಾದ್ರೂ... ಬಾ ಅಂತ?"

ಅವನು ಅವಳತ್ತ ನೋಡಿದ. ಆಮೇಲೆ ಬೀಗದತ್ತ ನೋಡಿದ.

"ದಾರಿಗಾ?" ಅಂದ. "ಇಲ್ಲ."

ಅವಳ ಕಿವಿಗೆ ಬಿದ್ದದ್ದು 'ಇಲ್ಲ' ಒಂದೇ. ಉಳಿದ ಟೀಯನ್ನು ಹುಲ್ಲಿಗೆ ಚೆಲ್ಲಿದಳು.

*

ಶುಕ್ರವಾರ ಇಡೀ ದಿನ ಬರೆದು ಬರೆದು ಹರಿದಳು. 'ಯಾರ ಅಪ್ಪಣೆಯನ್ನೂ ಪಡೆದಿಲ್ಲ' ಎಂಬಲ್ಲಿಗೆ ಬಂದರೆ ಪೆನ್ನು ಮೊಂಡು ಹಸುವಿನ ಹಾಗೆ ನಿಂತುಬಿಡುತ್ತಿತ್ತು. ಶನಿವಾರ ಬೆಳಿಗ್ಗೆಯೂ ಎರಡು ಹಾಳೆ ಹರಿದಳು. ಪಬ್ಬಿನ ಗೋಡೆಯ ಕೆಂಪು ಪೆಟ್ಟಿಗೆಯಿಂದ ಮಧ್ಯಾಹ್ನಕ್ಕೆ ಟಪಾಲು ತೆಗೆದರೆ ಮತ್ತೆ ತೆಗೆಯುವುದು ಸೋಮವಾರವೇ. ಗಂಜಿ ಹಾಗೇ ಬಿಟ್ಟು, ಖಾಲಿ ಕಾಗದ, ಸ್ಟಾಂಪು ಹಚ್ಚಿದ ಲಕೋಟೆ, ಪೆನ್ನು ಎಲ್ಲವನ್ನೂ ಕೋಟಿನ ಜೇಬಿಗೆ ತುರುಕಿ ನೀರುಗಿರಣಿಯ ಕಡೆ ಹೊರಟಳು.

ಡೆರಿಕ್ ಅಂಗಳದಲ್ಲಿ ಒಂದು ಓಕ್ ಹಲಗೆಗೆ ಎಣ್ಣೆ ಹಚ್ಚುತ್ತಿದ್ದ. ತಡಮೆಗೆ ಹೊಸ ಮೆಟ್ಟಿಲು. "ದಾರಿ ಬಿಟ್ಟ ದಿನ ಹುಡುಕೋದು ಬೇಡ ಅಂತ," ಎಂದು ನಾಚಿದವನ ಹಾಗೆ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಏನಾಯ್ತು?"

"ನನ್ನಿಂದ ಬರೆಯೋಕಾಗಲ್ಲ," ಅಂದಳು. ಸ್ವರ ತನ್ನದೇ ಅನಿಸಲಿಲ್ಲ. "ನನಗೆ ಅಪ್ಪಣೆ ಸಿಕ್ಕಿತ್ತು. ನೀವೇ ಕೊಟ್ಟಿದ್ರಿ. ನಿಮಗೆ ನೆನಪಿಲ್ಲ, ಅದು ನಿಮ್ಮ ತಪ್ಪಲ್ಲ. ತಡಮೆ ಹತ್ರ. ಯಾವಾಗ ಬೇಕಾದ್ರೂ ಬಾ ಅಂದಿದ್ರಿ. ಈಗ ಇಲ್ಲ ಅಂತ ಬರೆದ್ರೆ ಆ ಮಾತೇ ಇರಲಿಲ್ಲ ಅಂದ ಹಾಗಾಗುತ್ತೆ. ಅದೊಂದನ್ನ... ಅದೊಂದನ್ನ ನಾನು ಇಲ್ಲ ಅನ್ನಲಾರೆ."

ಡೆರಿಕ್‌ನ ಕೈಯ ಕುಂಚದಿಂದ ಎಣ್ಣೆ ಬೂಟಿನ ಮೇಲೆ ತೊಟ್ಟಿಕ್ಕಿತು.

"ಅಪ್ಪಣೆ?" ಅಂದ. "ಲಿನೆಟ್, ಕುರಿ ಉಣ್ಣೆ ಕತ್ತರಿಸೋ ದಿನ ನಾನು ಬಿಳಿ ಅಂಗಿ ಹಾಕ್ಕೊಂಡಿದ್ದೆ."

"ಗೊತ್ತು. ಮದುವೆಗೆ ಹೊರಟಿದ್ರಿ."

"ಹೊರಟಿದ್ದೆ! ನನ್ನ ಮದುವೆಗೇ ಹೊರಟಿದ್ದೆ!" ಮಾತು ಜೋರಾಗಿ ಬಂದುಬಿಟ್ಟಿತು, ಗಿರಣಿಯ ಬಾತುಗಳು ಬೆದರಿ ನೀರಿಗೆ ಹಾರಿದವು. "ಬೆಳಗಿನಿಂದ ಆ ಮಾತನ್ನ ಕುರಿಗಳ ಮುಂದೆ ಹೇಳಿ ಹೇಳಿ ಕಲ್ತಿದ್ದೆ. ಯಾವಾಗ ಬೇಕಾದ್ರೂ ಬಾ ಅಂದ್ರೆ ಹುಲ್ಲಿಗೆ ಬಾ ಅಂತಲಾ? ಮನೆಗೆ ಬಾ ಅಂತ. ಹುಲ್ಲುಗಾವಲು ನಮ್ಮಪ್ಪಂದು, ಅದನ್ನ ಕೊಡೋಕೆ ನಾನ್ಯಾರು? ನಮ್ಮಪ್ಪ ನಾಯಿಗೂ ಅಪ್ಪಣೆ ಕೊಟ್ಟೋನಲ್ಲ. ಜನ ಹಾದುಹೋಗ್ತಿದ್ರು, ಅವನು ಗೊಣಗ್ತಿದ್ದ, ಅಷ್ಟೇ. ನಾನು ಕೊಟ್ಟಿದ್ದು ದಾರಿ ಅಲ್ಲ."

ಲಿನೆಟ್ ಹಲಗೆಯ ಅಂಚು ಹಿಡಿದುಕೊಂಡಳು. ಎಣ್ಣೆ ಅಂಗೈಗೆ ಮೆತ್ತಿಕೊಂಡಿತು.

"ನೀನು ಏನಂದೆ ನೆನಪಿದೆಯಾ?" ಅವನ ಸ್ವರ ಇಳಿದಿತ್ತು. "ತುಂಬಾ ಉಪಕಾರ, ತೊಂದ್ರೆ ಕೊಡಲ್ಲ. ಬೇಡ ಅನ್ನೋದನ್ನ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಕ್ಕಿಲ್ಲ ಅಂದ್ಕೊಂಡೆ. ಮತ್ತೆ ಕೇಳಿದ್ರೆ ನಿನಗೆ ತೊಂದ್ರೆ."

"ಡೆರಿಕ್," ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. "ಮತ್ತೆ ನಾನು ಮಳೆ ಹಿಮ ಅನ್ನದೆ ಗುರುವಾರ ಗುರುವಾರ ನಿನ್ನ ಅಂಗಳದ ಮುಂದೆ ನಡೀತಿದ್ದದ್ದು ಆರೋಗ್ಯಕ್ಕೆ ಅಂದ್ಕೊಂಡ್ಯಾ?"

ಹಾಳಾದ ಗುರುವಾರಗಳೆಲ್ಲ ಇಬ್ಬರ ನಡುವೆ ಬಂದು ನಿಂತ ಹಾಗಿತ್ತು. ಅವಳಿಗೆ ಭಯ ಹೋಗಿರಲಿಲ್ಲ. ಜಾಗ ಬದಲಾಯಿಸಿತ್ತು ಅಷ್ಟೆ. ಈಗ ಇವನು ಏನೂ ಕೇಳದಿದ್ದರೆ? ಮರ್ಯಾದೆಯಿಂದ ಟೀ ಕುಡೀತೀಯಾ ಅಂದುಬಿಟ್ಟರೆ?

ಡೆರಿಕ್ ಕುಂಚ ಕೆಳಗಿಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿದ. ಕಿವಿಯ ತುದಿ ಅಂದಿನ ಹಾಗೇ ಕೆಂಪಾಯಿತು.

"ದಾರಿಗೆ ಕೇಳಬೇಕಾಗಿಲ್ಲ," ಅಂದ. "ಮನುಷ್ಯರನ್ನ ಕೇಳಬೇಕು. ಆವತ್ತು ಸರಿಯಾಗಿ ಕೇಳಲಿಲ್ಲ ನಾನು. ನನ್ನ ಜೊತೆ ಇರ್ತೀಯಾ, ಲಿನೆಟ್? ಈ ಮನೇಲಿ. ಮನೆ ಚಿಕ್ಕದು, ಗಿರಣಿ ಕಡೆಯಿಂದ ಇಲಿ ಬರ್ತವೆ."

"ಬೇಡ ಅನ್ನೋಕೆ ನನಗೇನೂ ಕಾರಣ ಇಲ್ಲ."

ಅವನ ಮುಖ ಪೂರ್ತಿ ಗಾಬರಿ. "ಇದು ಹೌದಾ, ಇಲ್ಲಾ ಮತ್ತೆ ಆ ಚಂದದ ಬೇಡಾನಾ? ಬಾಯಿಬಿಟ್ಟು ಹೇಳೇ, ಈ ಸಲ ನಾನು ಊಹೆ ಮಾಡಲಾರೆ."

"ಹೌದು ಕಣೋ. ಹೌದು, ಹೌದು! ಸಾಕಾ?"

ಎಣ್ಣೆಯ ಕೈಗಳಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅವಳ ಕೋಟಿನ ಬೆನ್ನಿನ ಮೇಲೆ ಅವನ ಬೆರಳುಗಳ ಗುರುತು ಉಳಿಯಿತು. ಮುಂದೆ ಎಷ್ಟು ಒಗೆದರೂ ಅದು ಹೋಗಲಿಲ್ಲವಂತೆ. ಅವಳೂ ಬಹಳ ಉಜ್ಜಲಿಲ್ಲವಂತೆ.

ಅಷ್ಟರಲ್ಲಿ ಚರ್ಚಿನ ಗಡಿಯಾರ ಹನ್ನೊಂದೂ ಮುಕ್ಕಾಲು ಬಾರಿಸಿತು.

"ಟಪಾಲು!" ಅಂದಳು.

ಹಲಗೆಯ ಒಣ ತುದಿಯ ಮೇಲೆಯೇ ಕಾಗದ ಹರಡಿ ಕೂತಳು. ಈ ಸಲ ಪೆನ್ನು ನಿಲ್ಲಲಿಲ್ಲ. 'ಈ ದಾರಿಯಲ್ಲಿ ನಾನು ಹುಡುಗಿಯಾಗಿದ್ದಾಗಿನಿಂದ ನಡೆದಿದ್ದೇನೆ. ನಡೆಯಲು ಯಾರ ಅಪ್ಪಣೆಯನ್ನೂ ಕೇಳಿಲ್ಲ, ಯಾರೂ ಕೊಟ್ಟಿಲ್ಲ.' ಸಹಿ ಹಾಕಿ, ಅಂಟು ನೆಕ್ಕಿ ಮುಚ್ಚಿ ಇಬ್ಬರೂ ಓಡಿದರು. ಅವನಿಗೆ ಮಂಡಿ ನೋವು, ಅವಳಿಗೆ ಉಬ್ಬಸ. ಸಮಾಧಿಗಳ ನಡುವೆ ಓಡಿದರು, ಪಾದ್ರಿಗಳ ಬೆಕ್ಕನ್ನು ದಾಟಿ ಓಡಿದರು. ಪಬ್ಬಿನ ಬೆಂಚಿನಲ್ಲಿ ಕೂತಿದ್ದ ಮಾರ್ಜ್ ಎದ್ದೇ ನಿಂತಳು. "ಕೈ ಹಿಡ್ಕೊಂಡು ಓಡ್ತಿದಾರಲ್ಲಪ್ಪಾ! ಊರಿಗೆ ಬೆಂಕಿ ಬಿತ್ತಾ?"

ಕೆಂಪು ಪೆಟ್ಟಿಗೆಯ ಬಾಗಿಲು ಮುಚ್ಚಿಯಾಗಿತ್ತು. ಟಪಾಲಿನವನು ಕೀಲಿಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು, ತುಂಬಿದ ಚೀಲವನ್ನು ವ್ಯಾನಿನ ಒಳಗೆ ಇಡುತ್ತಿದ್ದ. ಹೊಸ ಹುಡುಗ, ಗುರುತಿನವನಲ್ಲ.

ಲಿನೆಟ್‌ಳ ಬಾಯಲ್ಲಿ ಅಭ್ಯಾಸದ ಮಾತು ತುದಿಗೆ ಬಂದಿತ್ತು. ಕ್ಷಮಿಸಿ, ತೊಂದರೆಯಾಗದಿದ್ದರೆ, ದಯವಿಟ್ಟು... ಅವಳು ಅದನ್ನು ನುಂಗಿಕೊಂಡಳು. ನೇರ ಹೋಗಿ, ವ್ಯಾನಿನೊಳಗೆ ಬಗ್ಗಿ, ಚೀಲದ ಬಾಯಿ ಬಿಡಿಸಿ, ಲಕೋಟೆಯನ್ನು ತಳದವರೆಗೆ ತುರುಕಿದಳು.

"ಏನಮ್ಮಾ," ಹುಡುಗ ಬೆಪ್ಪಾಗಿ ಹೇಳಿದ, "ಒಂದು ಮಾತು ಕೇಳಬಾರದಾ?"

"ಇಲ್ಲ," ಅಂದಳು ಲಿನೆಟ್.